ಸ್ಟುಡಿಯೋದಲ್ಲಿ ಏನೂ ನಡೆಯುತ್ತಿರಲಿಲ್ಲ

ದುಡಿಯುವ ಜಾಗವನ್ನು ಹೊರಗಿನವರಿಗೆ ತೋರಿಸುವುದು ವಿಚಿತ್ರವಾದ ಕೆಲಸ. ಅದನ್ನು ನಾನು ಬಹಳ ಕಾಲ ಮಾಡಿದ್ದೇನೆ. ರಾಯಚೂರು ಬಳಿಯ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ನನ್ನ ನಿಜವಾದ ಹುದ್ದೆ ಬೇರೆ. ಆದರೆ ಇಂಜಿನಿಯರಿಂಗ್ ಕಾಲೇಜಿನ ಹುಡುಗರೋ ಹೈಸ್ಕೂಲಿನ ಮಕ್ಕಳೋ ಬಸ್ಸಿನಲ್ಲಿ ಬಂದಿಳಿದರೆ ‘ಸ್ವಲ್ಪ ಸುತ್ತಾಡಿಸಿ ಕಳುಹಿಸಿ’ ಎಂದು ಮೇಲಿನವರು ನನ್ನ ಕಡೆ ಬೆರಳು ತೋರಿಸುತ್ತಿದ್ದರು. ಮಾತು ಬರುತ್ತದೆ, ಸಿಟ್ಟು ಬೇಗ ಬರುವುದಿಲ್ಲ ಎಂಬ ಎರಡು ಗುಣಗಳೇ ನನ್ನ ಅರ್ಹತೆ. ಹೆಲ್ಮೆಟ್ ಹಂಚಿ, ಸಾಲು ಮಾಡಿಸಿ, ಯಂತ್ರಗಳ ಗದ್ದಲದಲ್ಲಿ ಗಂಟಲು ಹರಿದುಕೊಂಡು ‘ಇದು ಟರ್ಬೈನ್, ನಿಮಿಷಕ್ಕೆ 3,000 ಸುತ್ತು’ ಎಂದು ಕೂಗುತ್ತಾ ನಡೆದವನು ನಾನು. ಹಾಗಾಗಿ ನಿವೃತ್ತನಾದ ಮೇಲೆ ಮನೆಯವರೊಂದಿಗೆ ರಾಮೋಜಿ ಫಿಲ್ಮ್ ಸಿಟಿ ನೋಡಲು ಹೋದಾಗ ಉಳಿದವರು ಅರಮನೆ, ಕಾರಂಜಿ, ಉದ್ಯಾನ ನೋಡಿದರೆ ನಾನು ಹೆಚ್ಚು ಹೊತ್ತು ನೋಡಿದ್ದು ಗೈಡನ್ನು. ಅವನು ಎಲ್ಲಿ ನಿಲ್ಲಿಸುತ್ತಾನೆ, ಎಲ್ಲಿ ಬೇಗ ದಾಟಿಸುತ್ತಾನೆ, ಯಾವ ಪ್ರಶ್ನೆಗೆ ಉತ್ತರ ಕೊಡುತ್ತಾನೆ, ಯಾವುದಕ್ಕೆ ನಗುತ್ತಾನೆ ಎಂಬುದೇ ನನಗೆ ಸಿನಿಮಾ.

ರಾಯಚೂರಿನವರಿಗೆ ಹೈದರಾಬಾದ್ ಪರಊರು ಎನಿಸುವುದಿಲ್ಲ. 1956ರ ನವೆಂಬರ್‌ವರೆಗೆ ನಾವು ಆ ರಾಜ್ಯದವರೇ. ನಮ್ಮ ತಂದೆಯ ಕಾಲಕ್ಕೆ ದೊಡ್ಡ ಆಸ್ಪತ್ರೆ, ದೊಡ್ಡ ಕಾಲೇಜು, ಮದುವೆಯ ಬಟ್ಟೆ ಎಂದರೆ ರೈಲು ಹತ್ತುತ್ತಿದ್ದುದು ಆ ದಿಕ್ಕಿಗೆ. ಬೆಂಗಳೂರು ಎಂದರೆ ಸರ್ಕಾರಿ ಕಡತ ಹೋಗುವ ಊರು, ಅಷ್ಟೆ. ಇಂದಿಗೂ ಕೃಷ್ಣಾ ಸೇತುವೆ ದಾಟಿ, ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲಾ ಎಂದು ಹೋದರೆ ಮಧ್ಯಾಹ್ನದ ಊಟದ ಹೊತ್ತಿಗೆ ಹೈದರಾಬಾದಿನ ಹೊರವರ್ತುಲ ರಸ್ತೆ ಸಿಗುತ್ತದೆ. ನಾವು ಬೆಳಗಿನ ಜಾವವೇ ಹೊರಟಿದ್ದರಿಂದ ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ ಮುಟ್ಟಿದೆವು. ಫಿಲ್ಮ್ ಸಿಟಿ ಇರುವುದು ವಿಜಯವಾಡದ ಹೆದ್ದಾರಿಯಲ್ಲಿ, ಅಬ್ದುಲ್ಲಾಪುರ್‌ಮೆಟ್ ಬಳಿ. 1996ರಲ್ಲಿ ರಾಮೋಜಿ ರಾವ್ ಕಟ್ಟಿಸಿದ್ದು. ಗಿನ್ನೆಸ್ ದಾಖಲೆಯಲ್ಲಿ ಜಗತ್ತಿನ ಅತಿ ದೊಡ್ಡ ಚಿತ್ರ ಸ್ಟುಡಿಯೋ ಸಮುಚ್ಚಯ ಎಂದು ಬರೆದಿರುವುದು 1,666 ಎಕರೆಯ ಲೆಕ್ಕದಲ್ಲಿ. ಬಂಡೆಗಳ ಗುಡ್ಡ, ಕುರುಚಲು ಗಿಡ, ಕೆಂಪು ಮಣ್ಣು. ನೆಲ ನೋಡಿದರೆ ನಮ್ಮ ಲಿಂಗಸುಗೂರು, ದೇವದುರ್ಗದ ಕಡೆಯದ್ದೇ. ಅದರ ಮೇಲೆ ಮೊಘಲರ ತೋಟ, ಜಪಾನಿನ ತೋಟ, ಲಂಡನ್ನಿನ ಬೀದಿ.

ಟಿಕೆಟ್ ಪಡೆದವರನ್ನು ಕೆಂಪು ಬಣ್ಣದ ತೆರೆದ ಬಸ್ಸಿನಲ್ಲಿ ಕೂರಿಸಿ ಸುತ್ತಿಸುತ್ತಾರೆ. ನಮ್ಮ ಬಸ್ಸಿನ ಗೈಡ್ ಚುರುಕಾದ ಹುಡುಗ. ಪ್ರತಿ ಮಾತನ್ನೂ ಮೊದಲು ಹಿಂದಿಯಲ್ಲಿ, ನಂತರ ತೆಲುಗಿನಲ್ಲಿ ಹೇಳುತ್ತಿದ್ದ. ರಾಯಚೂರಿನ ಪೇಟೆಯಲ್ಲಿ ಬೆಳೆದವರಿಗೆ ಎರಡೂ ಅರ್ಥವಾಗುವುದರಿಂದ ಅವನ ಪ್ರತಿ ಹಾಸ್ಯಕ್ಕೂ ನಾವು ಎರಡು ಸಲ ನಗಬೇಕಾಯಿತು. ಎರಡನೆಯ ಸಲ ನಗದಿದ್ದರೆ ಅವನಿಗೆ ಬೇಸರವಾದೀತು ಎಂದು ನನ್ನ ಹೆಂಡತಿ ನನ್ನನ್ನು ತಿವಿಯುತ್ತಿದ್ದಳು.

ನಮ್ಮ ಜೊತೆ ಸೋದರಮಾವ ಬಂದಿದ್ದರು. ಕೊಪ್ಪಳದ ಕಡೆಯವರು, ಎಂಬತ್ತರ ಹತ್ತಿರ ವಯಸ್ಸು. ಹರೆಯದಲ್ಲಿ ಮನೆಯವರ ಜೊತೆ ಜಗಳವಾಡಿ ಒಂದು ನಾಟಕ ಕಂಪನಿ ಸೇರಿಕೊಂಡಿದ್ದರು. ಪಾತ್ರ ಮಾಡಬೇಕೆಂದು ಹೋದವರಿಗೆ ಸಿಕ್ಕಿದ್ದು ಪರದೆ ಎಳೆಯುವ ಕೆಲಸ. ಗವಿಮಠದ ಜಾತ್ರೆ, ಬನಶಂಕರಿ ಜಾತ್ರೆ ಎಂದು ಕಂಪನಿಯ ಹಿಂದೆ ತಿರುಗಿ, ಹಗ್ಗ ಎಳೆದೂ ಎಳೆದೂ ಅಂಗೈ ಗಟ್ಟಿಯಾದ ಮೇಲೆ ಊರಿಗೆ ಬಂದು ಒಕ್ಕಲುತನ ಹಿಡಿದರು. ಅವರನ್ನು ಕರೆದುಕೊಂಡು ಹೋಗುವುದು ಬೇಡ, ಬಿಸಿಲು ತಡೆಯುವುದಿಲ್ಲ ಎಂದು ಮನೆಯಲ್ಲಿ ವಾದವಾಗಿತ್ತು. ಕೊನೆಗೆ ಬಿಸಿಲಿಗೆ ಬಸವಳಿದವರು ಹುಡುಗರು. ಮಾವ ಸಂಜೆಯವರೆಗೂ ನೆಟ್ಟಗೆ ನಿಂತಿದ್ದರು.

ಬೀದಿಗಳ ಸೆಟ್ಟಿಗೆ ಬಂದಾಗ ಗೈಡ್ ತನ್ನ ಮೊದಲ ರಹಸ್ಯ ಒಡೆದ. ಒಂದು ಬದಿಯಿಂದ ವಿಮಾನ ನಿಲ್ದಾಣವಾಗಿ ಕಂಡ ಕಟ್ಟಡ ತಿರುವು ದಾಟಿದರೆ ಆಸ್ಪತ್ರೆ. ಫಲಕ ಬದಲಾಯಿಸಿದರೆ ರೈಲ್ವೆ ನಿಲ್ದಾಣ ಯಾವ ಊರಿನದ್ದಾದರೂ ಆಗುತ್ತದೆ. ಮನೆಗಳಿಗೆ ಮುಂಭಾಗ ಇದೆ, ಹಿಂದೆ ಕಬ್ಬಿಣದ ಕೊಳವೆಗಳ ಆಸರೆ ಮಾತ್ರ. ಬಸ್ಸಿನಲ್ಲಿದ್ದವರೆಲ್ಲ ಬೆರಗಾದರು. ಮಾವ ಆಗಲಿಲ್ಲ. ‘ನಮ್ಮಲ್ಲಿ ಬೀದಿ ಪರದೆ ಒಂದೇ ಇತ್ತು. ಶನಿವಾರ ಅದು ಅಯೋಧ್ಯೆ, ಭಾನುವಾರ ಹಸ್ತಿನಾಪುರ, ಸಾಮಾಜಿಕ ನಾಟಕವಿದ್ದರೆ ಹುಬ್ಬಳ್ಳಿ. ದರ್ಬಾರು, ಬೀದಿ, ಕಾಡು, ಇಷ್ಟಿದ್ದರೆ ಲೋಕವೆಲ್ಲ ಮುಗಿಯಿತು’ ಎಂದರು. ಜೋರಾಗಿಯೇ ಹೇಳಿದರು. ಹಿಂದಿನ ಸೀಟಿನಲ್ಲಿದ್ದ ಬೀದರ್ ಕಡೆಯ ಕುಟುಂಬವೊಂದು ನಕ್ಕಿತು. ಅಲ್ಲಿಂದ ಮುಂದೆ ನಮ್ಮ ಬಸ್ಸಿಗೆ ಇಬ್ಬರು ಗೈಡುಗಳಾದರು.

ಬಾಹುಬಲಿ ಚಿತ್ರಗಳಿಗೆ ಹಾಕಿದ್ದ ಮಾಹಿಷ್ಮತಿಯ ಸೆಟ್ಟನ್ನು ಈಗ ನೋಡುಗರಿಗೆ ಬಿಟ್ಟಿದ್ದಾರೆ. ಕಲಾ ನಿರ್ದೇಶಕ ಸಾಬು ಸಿರಿಲ್ ಅವರ ತಂಡ ಕಟ್ಟಿದ್ದು. 2015 ಮತ್ತು 2017ರಲ್ಲಿ ಬಂದ ಆ ಎರಡು ಚಿತ್ರಗಳನ್ನು ನಮ್ಮೂರಿನಲ್ಲಿ ತೆಲುಗಿನಲ್ಲೇ ನೋಡಿದವರು ಹೆಚ್ಚು. ಆನೆಗಾತ್ರದ ಕಂಬಗಳು, ಲೋಹದ್ದೆಂದು ತೋರುವ ವಿಗ್ರಹಗಳು, ಸಿಂಹಾಸನ. ಜನ ಅದರ ಮುಂದೆ ನಿಂತು ಮೊಬೈಲಿನಲ್ಲಿ ತಮ್ಮನ್ನೇ ಹಿಡಿದುಕೊಳ್ಳುತ್ತಿದ್ದರು. ಮಾವ ಮಾತ್ರ ನೇರವಾಗಿ ಹೋಗಿ ಒಂದು ಕಂಬಕ್ಕೆ ಬೆರಳ ಗೆಣ್ಣಿನಿಂದ ಬಡಿದರು. ಟೊಳ್ಳು ಸದ್ದು. ಇನ್ನೂ ಸ್ವಲ್ಪ ಕೆಳಗೆ ಬಡಿದರು. ಕಿವಿಯಿಟ್ಟು ಕೇಳಿದರು.

ಕಂಬ ಫೈಬರಿನದ್ದು. ಈ ಫೈಬರ್ ಕೆಲಸದ ಹದ ನನಗೆ ಸ್ವಲ್ಪ ಗೊತ್ತು; ನಮ್ಮ ಕೇಂದ್ರದಲ್ಲಿಯೂ ತುಕ್ಕು ಹಿಡಿಯಬಾರದ ಕಡೆ ಅದನ್ನು ಬಳಸುತ್ತಿದ್ದೆವು. ಮೊದಲು ಜೇಡಿಮಣ್ಣಿನಲ್ಲಿ ಮೂಲ ಆಕೃತಿ ಮಾಡುತ್ತಾರೆ. ಅದರ ಮೇಲೆ ರಬ್ಬರಿನದೋ ಪ್ಲಾಸ್ಟರ್ ಆಫ್ ಪ್ಯಾರಿಸಿನದೋ ಅಚ್ಚು ತೆಗೆಯುತ್ತಾರೆ. ಅಚ್ಚಿನ ಒಳಗೆ ಗಾಜಿನ ನಾರಿನ ಹಾಸು, ಅದಕ್ಕೆ ರಾಳ, ಮತ್ತೆ ಹಾಸು, ಮತ್ತೆ ರಾಳ. ಒಣಗಿದ ಮೇಲೆ ಕಳಚಿದರೆ ಇಬ್ಬರು ಎತ್ತಿಕೊಂಡು ಹೋಗುವಷ್ಟು ಹಗುರಾದ ಕಲ್ಲುಕಂಬ. ಒಂದು ಅಚ್ಚಿನಿಂದ ಎಷ್ಟು ಬೇಕಾದರೂ ತೆಗೆಯಬಹುದು. ಇದನ್ನು ನಾನು ಮಾವನಿಗೆ ವಿವರಿಸುತ್ತಿರುವಾಗ ಅವರು ನಡುವೆ ತಡೆದರು. ‘ಕಿನ್ನಾಳದಲ್ಲಿ ಇದನ್ನೇ ಅಲ್ಲವೇ ಮಾಡುವುದು?’

ನಾನು ಒಂದು ಕ್ಷಣ ಸುಮ್ಮನಾದೆ. ಮಾತು ಸರಿಯಾಗಿತ್ತು. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ದೇವರ ಮೂರ್ತಿ, ಗೌರಿ, ಕೀಲುಕುದುರೆ, ಗೊಂಬೆಗಳನ್ನು ಮಾಡುವುದು ಹಗುರಾದ ಮರದಲ್ಲಿ. ತುಂಡುಗಳನ್ನು ಜೋಡಿಸಿದ ಮೇಲೆ ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನಲ್ಲಿ ಕಲಸಿ ಮೆತ್ತುತ್ತಾರೆ. ಅದಕ್ಕೆ ಕಿಟ್ಟ ಎನ್ನುತ್ತಾರೆ. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಒಡವೆಯ ಉಬ್ಬುಗಳನ್ನು ಎಳೆಯುತ್ತಾರೆ. ಮೇಲೆ ಬಣ್ಣ. ನಾರು ಬಲ ಕೊಡುತ್ತದೆ, ಅಂಟು ಹಿಡಿದುಕೊಳ್ಳುತ್ತದೆ. ಗಾಜಿನ ನಾರು ಮತ್ತು ರಾಳದ ಕೆಲಸವೂ ಅದೇ. ಭಾರವಾಗಿ ಕಾಣಬೇಕು, ಹೊರಲು ಹಗುರಾಗಿರಬೇಕು ಎಂಬ ಬೇಡಿಕೆ ಸಿನಿಮಾದಿಂದ ಹುಟ್ಟಿದ್ದಲ್ಲ. ಮೆರವಣಿಗೆಯಲ್ಲಿ ದೇವರನ್ನು ಹೊತ್ತ ಹೆಗಲುಗಳು ಅದನ್ನು ಎಂದೋ ಕೇಳಿದ್ದವು.

ಆ ಸೆಟ್ಟಿನ ಒಂದು ಮೂಲೆಯಲ್ಲಿ, ಹಗ್ಗ ಕಟ್ಟಿ ಬೇರೆ ಮಾಡಿದ್ದ ಕಡೆ, ಒಬ್ಬ ಕೆಲಸಗಾರ ಕುಳಿತಿದ್ದ. ಮಳೆಗೋ ಬಿಸಿಲಿಗೋ ಬಣ್ಣ ಎದ್ದುಹೋಗಿದ್ದ ಕಟ್ಟೆಯೊಂದನ್ನು ಮತ್ತೆ ಕಲ್ಲು ಮಾಡುತ್ತಿದ್ದ. ಬೂದುಬಣ್ಣದ ಮೇಲೆ ಇನ್ನೂ ಗಾಢವಾದ ಬೂದುಬಣ್ಣವನ್ನು ಸ್ಪಂಜಿನಿಂದ ಒತ್ತುತ್ತಾ ಬಂದ. ಒತ್ತುವಾಗ ಪ್ರತಿ ಸಲವೂ ಮುಂಗೈ ಸ್ವಲ್ಪ ತಿರುಗಿಸುತ್ತಿದ್ದ. ಇಲ್ಲದಿದ್ದರೆ ಒಂದೇ ಗುರುತು ಸಾಲಾಗಿ ಬಿದ್ದು ಕಣ್ಣಿಗೆ ಮೋಸ ಗೊತ್ತಾಗಿಬಿಡುತ್ತದೆ. ಅದು ಆರುವ ಮೊದಲೇ ನೀರಿನ ಹನಿ ಚಿಮುಕಿಸಿದ. ಬಣ್ಣ ಅಲ್ಲಲ್ಲಿ ಒಡೆದು ಕೆಳಗೆ ಜಾರಿತು, ವರ್ಷಗಟ್ಟಲೆ ಮಳೆನೀರು ಇಳಿದ ಕರೆ ಮೂಡಿತು. ನಂತರ ತೆಳುವಾದ ಕುಂಚದಿಂದ ಒಂದು ಬಿರುಕು. ಆ ಬಿರುಕನ್ನು ನೇರವಾಗಿ ಎಳೆಯಲಿಲ್ಲ. ಕುಂಚವನ್ನು ಹಿಡಿಯ ತುದಿಯಲ್ಲಿ ಹಿಡಿದು, ಕೈ ನಡುಗಲು ಬಿಟ್ಟು, ಗೆರೆ ತನಗೆ ತಾನೇ ದಾರಿ ಹುಡುಕಿಕೊಳ್ಳುವಂತೆ ಎಳೆದ. ಪಕ್ಕದಲ್ಲಿ ಬಿಳಿಯ ಎಳೆಯೊಂದನ್ನು ಕೊಟ್ಟ ಕೂಡಲೇ ಬಿರುಕಿಗೆ ಆಳ ಬಂತು. ಮಾವ ಹಗ್ಗದಾಚೆ ಬಗ್ಗಿ, ತಮ್ಮ ಹರಕು ತೆಲುಗಿನಲ್ಲಿ, ಅಂಟು ಯಾವುದು ಎಂದು ಕೇಳಿದರು. ಆತ ಪ್ಲಾಸ್ಟಿಕ್ ಡಬ್ಬಿ ತೋರಿಸಿದ. ‘ನಮ್ಮ ಕಾಲಕ್ಕೆ ಸರೇಸು, ಚರ್ಮ ಮೂಳೆಯ ಅಂಟು. ಕಾಯಿಸಿ ಕಲಸಬೇಕಿತ್ತು, ಆ ವಾಸನೆಗೆ ಊಟ ಸೇರುತ್ತಿರಲಿಲ್ಲ’ ಎಂದರು ಮಾವ. ಆತ ತಲೆ ಎತ್ತಿ ನಕ್ಕು, ತನ್ನ ಗುರುವೂ ಅದನ್ನೇ ಹೇಳುತ್ತಿದ್ದ ಎಂದ. ಅಷ್ಟರಲ್ಲಿ ಗೈಡ್ ಚಪ್ಪಾಳೆ ತಟ್ಟಿ ಬಸ್ಸಿಗೆ ಕರೆದ. ಅವನ ಪಟ್ಟಿಯಲ್ಲಿ ಈ ಮನುಷ್ಯ ಇರಲಿಲ್ಲ.

ಇರಬೇಕಿತ್ತು ಎಂದು ನಾನು ಹೇಳುವುದಿಲ್ಲ. ಗೈಡಿನ ಸಂಕಟ ನನಗೆ ಗೊತ್ತು. ಬಸ್ಸಿನಲ್ಲಿರುವವರಲ್ಲಿ ಕಲ್ಲಿನ ಬಣ್ಣ ಬಳಿಯುವುದನ್ನು ನಿಂತು ನೋಡಲು ಬಯಸುವವರು ಇಬ್ಬರಿದ್ದರೆ ಉಳಿದವರೆಲ್ಲ ನೆರಳು, ನೀರು, ನಾಯಕನ ಸಿಂಹಾಸನ ಕೇಳುವವರು. ಆ ಇಬ್ಬರಿಗಾಗಿ ನಿಂತರೆ ಹಿಂದಿನ ಬಸ್ಸು ಬಂದು ಬೆನ್ನಿಗೆ ತಾಗುತ್ತದೆ.

ಮಧ್ಯಾಹ್ನದ ಮೇಲೆ ನಿಜವಾದ ಚಿತ್ರೀಕರಣವೊಂದು ಕಂಡಿತು. ದೂರದಿಂದ. ಫೋಟೋ ತೆಗೆಯಬೇಡಿ ಎಂದು ಗೈಡ್ ಎರಡು ಭಾಷೆಯಲ್ಲೂ ಗಂಭೀರವಾಗಿ ಹೇಳಿದ, ಬಸ್ಸು ನಿಧಾನವಾಯಿತು. ಎಲ್ಲರೂ ಒಂದೇ ಬದಿಗೆ ವಾಲಿದರು. ಏನಿತ್ತು ಅಲ್ಲಿ? ಬಂಗಲೆಯ ಮುಂದೆ ದೊಡ್ಡ ಚೌಕಟ್ಟಿಗೆ ಬಿಗಿದ ಬಿಳಿ ಬಟ್ಟೆ, ಬಿಸಿಲನ್ನು ಸೋಸಲು. ಕೈಮರದಷ್ಟು ದಪ್ಪದ ಕೇಬಲ್ಲುಗಳು ನೆಲದ ಮೇಲೆ ಹರಡಿ, ಮರದಡಿ ನಿಂತ ಜನರೇಟರ್ ವ್ಯಾನಿಗೆ ಸೇರಿದ್ದವು. ಲೈಟ್ ಬಾಯ್‌ಗಳು ಮರದ ಪೆಟ್ಟಿಗೆಗಳ ಮೇಲೆ ಕುಳಿತಿದ್ದರು. ರೇಷ್ಮೆ ಸೀರೆ ಉಟ್ಟ ಜೂನಿಯರ್ ಆರ್ಟಿಸ್ಟ್‌ಗಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೈಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಒಬ್ಬ ಟೇಪು ಹಿಡಿದು ಕ್ಯಾಮೆರಾದಿಂದ ಖಾಲಿ ಕುರ್ಚಿಯವರೆಗಿನ ದೂರ ಅಳೆಯುತ್ತಿದ್ದ. ಇನ್ನೊಬ್ಬ ಚಹಾ ಹಂಚುತ್ತಿದ್ದ. ನಾಯಕನಿಲ್ಲ, ನಾಯಕಿಯಿಲ್ಲ, ‘ಆ್ಯಕ್ಷನ್’ ಇಲ್ಲ. ‘ಏನೂ ನಡೆಯುತ್ತಿಲ್ಲವಲ್ಲ!’ ಎಂದ ನನ್ನ ಮೊಮ್ಮಗ.

ಈ ಮಾತನ್ನು ನಾನು ಎಷ್ಟು ಬಾಯಿಗಳಿಂದ ಕೇಳಿದ್ದೇನೆ! ನಮ್ಮ ಕಂಟ್ರೋಲ್ ರೂಮಿಗೆ ಹುಡುಗರನ್ನು ಕರೆದೊಯ್ದಾಗಲೆಲ್ಲ ಇದೇ ಮಾತು. ಹೊರಗೆ ಚಿಮಣಿ, ಕಲ್ಲಿದ್ದಲಿನ ಗುಡ್ಡ, ಕಿವಿ ಗಡಚಿಕ್ಕುವ ಟರ್ಬೈನ್ ಹಾಲ್ ನೋಡಿ ಬಂದವರು ತಣ್ಣಗಿನ ಕೋಣೆಯಲ್ಲಿ ನಾಲ್ಕು ಜನ ಪರದೆ ನೋಡುತ್ತಾ ಕುಳಿತಿರುವುದನ್ನು ಕಂಡು ನಿರಾಶರಾಗುತ್ತಿದ್ದರು. ‘ಇವರು ಏನು ಮಾಡುತ್ತಿದ್ದಾರೆ ಸರ್?’ ಎಂದು ಕೇಳುತ್ತಿದ್ದರು. ಅವರು ಏನೂ ಆಗದಂತೆ ನೋಡಿಕೊಳ್ಳುತ್ತಿದ್ದರು. ಉಗಿ 540 ಡಿಗ್ರಿಯ ಆಸುಪಾಸಿನಲ್ಲಿ ನಿಂತಿದೆ, ಬಾಯ್ಲರಿನ ಡ್ರಮ್ಮಿನ ನೀರಿನ ಮಟ್ಟ ಗೆರೆ ಬಿಟ್ಟು ಅಲುಗುತ್ತಿಲ್ಲ, ಬೇರಿಂಗುಗಳು ಕಂಪಿಸುತ್ತಿಲ್ಲ ಎಂದರೆ ಶಿಫ್ಟು ಚೆನ್ನಾಗಿ ನಡೆಯುತ್ತಿದೆ ಎಂದರ್ಥ. ನೋಡಲು ರೋಚಕವಾದದ್ದೇನಾದರೂ ಆ ಕೋಣೆಯಲ್ಲಿ ನಡೆಯಿತೆಂದರೆ ಮೊದಲು ಹೊರಗೆ ಕಳುಹಿಸಬೇಕಾದವರು ನೋಡುಗರೇ.

ಸ್ಟುಡಿಯೋದಲ್ಲೂ ಹಾಗೆಯೇ. ಆ ಖಾಲಿ ಕುರ್ಚಿಗೆ ಟೇಪು ಹಿಡಿದಿದ್ದವನು ಫೋಕಸ್ ನೋಡಿಕೊಳ್ಳುವವನು. ನಟ ಬಂದು ಕುಳಿತು, ಎದ್ದು, ಎರಡು ಹೆಜ್ಜೆ ಮುಂದೆ ಬಂದರೆ ಲೆನ್ಸು ಎಷ್ಟು ತಿರುಗಬೇಕು ಎಂಬುದು ಈಗಲೇ ನಿಶ್ಚಯವಾಗಬೇಕು. ಬಿಳಿ ಬಟ್ಟೆಯ ಕೆಳಗಿನ ಬೆಳಕನ್ನು ಮೀಟರಿನಲ್ಲಿ ಅಳೆದಾಗಿರಬೇಕು. ಮೋಡ ಬಂದರೆ ಏನು, ಬಿಸಿಲು ಇಳಿದರೆ ಏನು, ಎರಡಕ್ಕೂ ಸಿದ್ಧತೆ ಇರಬೇಕು. ಇಡೀ ದಿನದ ಕಾಲ್‌ಶೀಟಿನಲ್ಲಿ ಕ್ಯಾಮೆರಾ ನಿಜವಾಗಿ ಓಡುವ ಹೊತ್ತು ಬಹಳ ಕಡಿಮೆ. ಉಳಿದದ್ದೆಲ್ಲ ಆ ಹೊತ್ತು ಕೆಡದಂತೆ ನೋಡಿಕೊಳ್ಳುವ ಕೆಲಸ. ನಮ್ಮ ಬಸ್ಸು ಕಂಡದ್ದು ಸ್ಟುಡಿಯೋದ ಅಪ್ಪಟ ದುಡಿಮೆಯನ್ನು, ಮತ್ತು ಆ ಇಡೀ ದಿನದಲ್ಲಿ ಜನ ಆಕಳಿಸಿದ್ದು ಅಲ್ಲಿ ಮಾತ್ರ.

ಹಾಗಾದರೆ ಗೈಡ್ ಏನು ಮಾಡಬೇಕು? ನಾನು ಮಾಡುತ್ತಿದ್ದುದನ್ನೇ. ನಮ್ಮ ಬಾಯ್ಲರಿನ ಗೋಡೆಯಲ್ಲಿ ಸಣ್ಣ ಇಣುಕುಕಿಂಡಿಗಳಿರುತ್ತವೆ. ನೀಲಿ ಗಾಜನ್ನು ಕಣ್ಣಿಗೆ ಹಿಡಿದು ಅದರೊಳಗೆ ನೋಡಿದರೆ ಕುಲುಮೆಯ ಬೆಂಕಿ ಕಾಣುತ್ತದೆ. ಕಲ್ಲಿದ್ದಲು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗಾಗಿ, ಗಾಳಿಯಲ್ಲಿ ಹಾರಿ ಬಂದು, ಉರಿಯುವ ಮೋಡವಾಗಿ ಸುತ್ತುತ್ತಿರುತ್ತದೆ. ಕೇಂದ್ರ ನಡೆಸಲು ಯಾರೂ ದಿನವಿಡೀ ಆ ಕಿಂಡಿಯಲ್ಲಿ ಇಣುಕುತ್ತಾ ನಿಲ್ಲುವುದಿಲ್ಲ. ಆದರೆ ಹುಡುಗರು ವರ್ಷಗಳ ನಂತರ ಸಿಕ್ಕಿದರೂ ನೆನೆಯುವುದು ಅದನ್ನೇ. ನಾನು ಅದನ್ನು ಸುತ್ತಿನ ಕೊನೆಗೆ ಇಟ್ಟುಕೊಳ್ಳುತ್ತಿದ್ದೆ.

ಫಿಲ್ಮ್ ಸಿಟಿಯ ಇಣುಕುಕಿಂಡಿ ಎಂದರೆ ಸಿನಿಮಾ ಮಾಡುವುದನ್ನು ವೇದಿಕೆಯ ಮೇಲೆ ಮಾಡಿ ತೋರಿಸುವ ಕಾರ್ಯಕ್ರಮ. ನೋಡುಗರ ನಡುವಿನಿಂದಲೇ ಕೆಲವರನ್ನು ಕರೆದು, ಚಕ್ರವೇ ಉರುಳದ ಜಟಕಾ ಗಾಡಿಯಲ್ಲಿ ಕೂರಿಸುತ್ತಾರೆ. ಹಿಂದೆ ಬರೀ ಹಸಿರು ಪರದೆ; ಆಮೇಲೆ ಆ ಬಣ್ಣವನ್ನು ಚಿತ್ರದಿಂದ ಕತ್ತರಿಸಿ ತೆಗೆದು, ಅಲ್ಲಿ ಬೇರೆ ದೃಶ್ಯ ಕೂರಿಸುತ್ತಾರೆ. ಗಾಡಿಯನ್ನು ಅಲ್ಲಾಡಿಸುತ್ತಾರೆ, ಹೆಂಗಸು ಚಾಟಿ ಬೀಸುತ್ತಾಳೆ, ಬೆನ್ನಟ್ಟಿದವರಿಗೆ ಹೆದರಿದಂತೆ ಕೂಗುತ್ತಾಳೆ. ಮುಂದಿನ ಕೋಣೆಯಲ್ಲಿ ಅದಕ್ಕೆ ಸದ್ದು ಕೂಡಿಸುತ್ತಾರೆ. ಇಲ್ಲಿಯೂ ನೋಡುಗರ ಕೈಗೇ ಸಾಮಾನು ಕೊಟ್ಟು ಕುದುರೆಯ ಗೊರಸು, ಗಾಳಿ, ಗುಡುಗು ಮಾಡಿಸುತ್ತಾರೆ. ಕೊನೆಗೆ ಎಲ್ಲವನ್ನೂ ಸೇರಿಸಿದ ದೃಶ್ಯ ಪರದೆಯ ಮೇಲೆ. ಕಾಡುದಾರಿಯಲ್ಲಿ ಗಾಡಿ ಹಾರುತ್ತಿದೆ! ಹಿಂದಿನ ಸಾಲಿನ ಬೀದರಿನ ಹೆಂಗಸೇ ಗಾಡಿ ಓಡಿಸಿದವಳು. ಆಕೆಯ ಗಂಡ ಎದ್ದು ನಿಂತು ಚಪ್ಪಾಳೆ ಹೊಡೆದ. ಕೇಳಲು ಮಕ್ಕಳಾಟ ಎನಿಸಬಹುದು, ಆದರೆ ಕಲಿಸುವ ರೀತಿ ಅಚ್ಚುಕಟ್ಟಾಗಿದೆ. ಚಿತ್ರ ಬೇರೆ, ಸದ್ದು ಬೇರೆ, ಹಿನ್ನೆಲೆ ಬೇರೆ, ಮೂರೂ ಬೇರೆಬೇರೆ ಹೊತ್ತಿನಲ್ಲಿ ಹುಟ್ಟುತ್ತವೆ ಎಂಬ ಮಾತು ಭಾಷಣವಿಲ್ಲದೆ ತಲೆಗೆ ಹೋಗುತ್ತದೆ. ಪರದೆ ಹಸಿರೇ ಏಕೆ ಎಂದು ಮೊಮ್ಮಗ ಕೇಳಿದ. ಡಿಜಿಟಲ್ ಕ್ಯಾಮೆರಾದ ಸೆನ್ಸರಿನಲ್ಲಿ ಕೆಂಪಿಗೆ, ನೀಲಿಗೆ ಒಂದೊಂದು ಕಣ್ಣಿದ್ದರೆ ಹಸಿರಿಗೆ ಎರಡು; ಆದ್ದರಿಂದ ಹಸಿರನ್ನು ಅದು ಸ್ಪಷ್ಟವಾಗಿ ಹಿಡಿಯುತ್ತದೆ. ಜೊತೆಗೆ ಮನುಷ್ಯನ ಚರ್ಮಕ್ಕೆ ಹತ್ತಿರವಾದ ಬಣ್ಣವಲ್ಲ, ಕತ್ತರಿಸಿ ತೆಗೆದರೆ ಮುಖ ಹರಿಯುವುದಿಲ್ಲ. ‘ಹಸಿರು ಸೀರೆ ಉಟ್ಟರೆ?’ ಎಂದ. ಉಟ್ಟವಳ ತಲೆ ಮತ್ತು ಕೈಗಳು ಮಾತ್ರ ಕಾಡಿನಲ್ಲಿ ಓಡುತ್ತವೆ ಎಂದೆ. ಅವನಿಗೆ ಉಳಿದದ್ದಕ್ಕಿಂತ ಇದೇ ಹಿಡಿಸಿತು.

ಅವನಿಗೆ ಹೇಳದೆ ಉಳಿಸಿಕೊಂಡ ಮಾತೊಂದಿದೆ, ಇಲ್ಲಿ ಬರೆಯುತ್ತೇನೆ. ನನ್ನ ಕೆಲಸಕ್ಕೂ ಕ್ಯಾಮೆರಾದವರ ಕೆಲಸಕ್ಕೂ ನೇರ ನಂಟಿದೆ. ನಾವು ಕಳುಹಿಸುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ಹಲವು ಬಗೆಯ ದೀಪಗಳು ಅದಕ್ಕೆ ತಕ್ಕಂತೆ ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ತಿಳಿಯುವುದಿಲ್ಲ. ಸಿನಿಮಾ ಕ್ಯಾಮೆರಾ ಸೆಕೆಂಡಿಗೆ 24 ಚಿತ್ರ ತೆಗೆಯುತ್ತದೆ. ಬೆಳಕನ್ನು ಒಳಬಿಡುವ ಅದರ ಬಾಗಿಲೇ ಶಟರ್; ಅದು ತೆರೆದಿರುವ ಪಾಲನ್ನು 360 ಡಿಗ್ರಿಯ ಪೂರ್ತಿ ಸುತ್ತಿನ ಲೆಕ್ಕದಲ್ಲಿ ಹೇಳುತ್ತಾರೆ. ಅದನ್ನು ವಾಡಿಕೆಯ 180 ಡಿಗ್ರಿಗೆ ಇಟ್ಟರೆ ಪ್ರತಿ ಚಿತ್ರಕ್ಕೆ ಬೆಳಕು ಬೀಳುವುದು ಸೆಕೆಂಡಿನ 48ನೇ ಒಂದು ಭಾಗ. ಎರಡರ ಲೆಕ್ಕ ಕೂಡುವುದಿಲ್ಲ, ಪರದೆಯ ಮೇಲೆ ಬೆಳಕು ಉಸಿರಾಡತೊಡಗುತ್ತದೆ. ಆದ್ದರಿಂದ ನಮ್ಮ ದೇಶದಲ್ಲಿ ಅಂಥ ದೀಪಗಳಡಿ ಚಿತ್ರೀಕರಿಸುವವರು ಶಟರನ್ನು 172.8 ಡಿಗ್ರಿಗೆ ಇಳಿಸುತ್ತಾರೆ. ಆಗ ಅದು ಸರಿಯಾಗಿ 50ನೇ ಒಂದು ಭಾಗ. ಟರ್ಬೈನನ್ನು ನಿಮಿಷಕ್ಕೆ 3,000, ಅಂದರೆ ಸೆಕೆಂಡಿಗೆ 50 ಸುತ್ತಿನಲ್ಲಿ ನಿಲ್ಲಿಸಲು ನಾವು ಪಡುವ ಪಾಡಿನ ಮೇಲೆ ಆ 172.8 ನಿಂತಿದೆ. 2013ರ ಡಿಸೆಂಬರ್ 31ರಂದು ದಕ್ಷಿಣದ ವಿದ್ಯುತ್ ಜಾಲವನ್ನು ದೇಶದ ಉಳಿದ ಜಾಲಕ್ಕೆ ಜೋಡಿಸಿದ್ದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ. ಅಂದಿನಿಂದ ಕಾಶ್ಮೀರದ ಫ್ಯಾನಿಗೂ ಫಿಲ್ಮ್ ಸಿಟಿಯ ದೀಪಕ್ಕೂ ಒಂದೇ ತಾಳ. ಜನರೇಟರ್ ವ್ಯಾನು ತಂದರೂ ಅದು ಹಾಕುವುದು ಅದೇ 50ರ ತಾಳವನ್ನೇ. ಸಿನಿಮಾದ ಕೊನೆಯಲ್ಲಿ ಓಡುವ ಹೆಸರುಗಳ ಸಾಲಿನಲ್ಲಿ ನಮ್ಮನ್ನು ಹಾಕುವುದಿಲ್ಲ; ಹಾಕಲು ಹೊರಟರೆ ಪ್ರೇಕ್ಷಕರು ಎದ್ದು ಹೋಗಿರುತ್ತಾರೆ ಬಿಡಿ.

ಇನ್ನೊಂದು ಚಟವನ್ನೂ ಬಿಡಲಾಗಿಲ್ಲ. ಯಾವ ಕಟ್ಟಡಕ್ಕೆ ಹೋದರೂ ಮೊದಲು ಹೊರಬಾಗಿಲು ಎಲ್ಲಿ, ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿ ಎಂದು ಕಣ್ಣು ಹುಡುಕುತ್ತದೆ. ಸ್ಟುಡಿಯೋ ಎಂದರೆ ಇನ್ನೂ ಹೆಚ್ಚು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಕುರಿತ ಹಿಂದಿ ಧಾರಾವಾಹಿಯ ಚಿತ್ರೀಕರಣದ ವೇಳೆ ಹೊತ್ತಿದ ಬೆಂಕಿಯಲ್ಲಿ 62 ಜನ ಸತ್ತರು. ಸೆಟ್ಟು ಎಂದರೆ ಪ್ಲೈವುಡ್, ಬಟ್ಟೆ, ಗೋಣಿತಾಟು, ಬಣ್ಣ. ಅದರ ಮೇಲೆ ಒಂದೊಂದೂ ಹಲವು ಕಿಲೋವಾಟಿನ ದೀಪಗಳು. ಹಳೆಯ ಟಂಗ್‌ಸ್ಟನ್ ದೀಪ ನುಂಗಿದ ವಿದ್ಯುತ್ತಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚನ್ನು ಶಾಖವಾಗಿ ಕಕ್ಕುತ್ತದೆ. ಸದ್ದು ಒಳಬರಬಾರದೆಂದು ಕಿಟಕಿಯಿಲ್ಲದ ಗೋಡೆ. ಬೆಂಕಿಗೆ ಇದಕ್ಕಿಂತ ಹೇಳಿಮಾಡಿಸಿದ ಜಾಗ ಬೇರೊಂದಿಲ್ಲ. ಎಲ್‌ಇಡಿ ದೀಪ ಬಂದ ಮೇಲೆ ಶಾಖ ಇಳಿದಿದೆ, ಆದರೆ ಪ್ಲೈವುಡ್ ಪ್ಲೈವುಡ್ಡೇ. ಸೌಂಡ್ ಸ್ಟೇಜೊಂದರ ಹೊರಗೆ ಕೆಂಪು ಸಿಲಿಂಡರುಗಳ ಸಾಲು ಕಂಡಾಗ ನಾನು ಹತ್ತಿರ ಹೋಗಿ ತಪಾಸಣೆಯ ಚೀಟಿ ಓದಿದೆ. ದಿನಾಂಕ ಸರಿಯಾಗಿತ್ತು. ಹೆಂಡತಿ ಬಸ್ಸಿನಿಂದ ಕೂಗಿ ಕರೆದಳು.

ಈ ನೆಲದಲ್ಲಿ ಕನ್ನಡವೂ ದುಡಿದಿದೆ ಎಂಬುದನ್ನು ನಮ್ಮ ಗೈಡ್ ಹೇಳಲಿಲ್ಲ, ಅವನಿಗೆ ಅದು ಬೇಕಿರಲೂ ಇಲ್ಲ. 2000ದ ಕೊನೆಯಲ್ಲಿ ಶುರುವಾದ ಈಟಿವಿ ಕನ್ನಡದ ಸುದ್ದಿ ಹೊರಡುತ್ತಿದ್ದುದು ಇಲ್ಲಿಂದ. ಕರ್ನಾಟಕದ ಹುಡುಗರು ಹೈದರಾಬಾದಿನ ಹೊರವಲಯದಲ್ಲಿ ಬಾಡಿಗೆ ಮನೆ ಹಿಡಿದು, ರಾಯಚೂರಿನ ಬರದ ಸುದ್ದಿಯನ್ನೂ ಮಡಿಕೇರಿಯ ಮಳೆಯ ಸುದ್ದಿಯನ್ನೂ ಇಲ್ಲಿ ಕುಳಿತು ಬರೆದು ಓದುತ್ತಿದ್ದರು. ನಾವು ರಾತ್ರಿ ಊಟದ ಹೊತ್ತಿಗೆ ಕೇಳುತ್ತಿದ್ದ ಕನ್ನಡ ತೆಲುಗು ನೆಲದಿಂದ ಬರುತ್ತಿದೆ ಎಂಬ ಅರಿವು ಮನೆಯಲ್ಲಿ ಯಾರಿಗೂ ಇರಲಿಲ್ಲ. ಕನ್ನಡ ಸಿನಿಮಾ ಹುಟ್ಟಿದ್ದೂ ಹಾಗೆಯೇ, ಬೇರೆಯವರ ಅಂಗಳದಲ್ಲಿ. ಮೊದಲ ಮಾತಿನ ಚಿತ್ರ ಸತಿ ಸುಲೋಚನ, 1934ರದ್ದು, ತಯಾರಾದದ್ದು ಕೊಲ್ಹಾಪುರದಲ್ಲಿ. ನಂತರ ದಶಕಗಟ್ಟಲೆ ಮದ್ರಾಸಿನ ಸ್ಟುಡಿಯೋಗಳೇ ಗತಿ. ನಮ್ಮ ಕಡೆಯ ನಾಟಕ ಕಂಪನಿಗಳು ಮಾತ್ರ ಸ್ಟುಡಿಯೋವನ್ನೇ ಗಾಡಿಗೆ ಹೇರಿಕೊಂಡು ಊರೂರಿಗೆ ಬರುತ್ತಿದ್ದವು.

ಹಿಂತಿರುಗುವಾಗ ಜಡ್ಚರ್ಲಾ ದಾಟಿ ಚಹಾಕ್ಕೆ ನಿಲ್ಲಿಸಿದೆವು. ಇಡೀ ದಿನದಲ್ಲಿ ಯಾವುದು ಚೆನ್ನಾಗಿತ್ತು ಎಂಬ ಚರ್ಚೆ ಎದ್ದಿತು. ಹುಡುಗರು ಜಟಕಾ ಗಾಡಿ ಎಂದರು, ಹೆಂಡತಿ ಹೂತೋಟ ಎಂದಳು. ಮಾವ ತಟ್ಟೆಗೆ ಚಹಾ ಸುರಿದುಕೊಂಡು, ಫೈಬರ್ ಕಂಬದಲ್ಲಿ ಒಂದು ದೋಷವಿದೆ ಎಂದು ತಕರಾರು ತೆಗೆದರು. ಮಳೆ ಬಂದರೆ ಪರದೆಯನ್ನು ಸುತ್ತಿ ಹೆಗಲಿಗೇರಿಸಿ ಓಡಬಹುದಿತ್ತು. ಆ ಕಂಬಗಳನ್ನು ಎಲ್ಲಿಗೆ ಒಯ್ಯುತ್ತೀರಿ? ಒಯ್ಯುವುದು ಬೇಕಿಲ್ಲ, ಜನರೇ ಅಲ್ಲಿಗೆ ಬರುತ್ತಾರೆ, ಟಿಕೆಟ್ ಕೊಡುತ್ತಾರೆ ಎಂದು ಮೊಮ್ಮಗ ವಾದಿಸಿದ. ‘ನಾಟಕ ಮುಗಿದ ಮೇಲೂ ಟಿಕೆಟ್ ಕೊಡುತ್ತಾರೆಯೇ?’ ಎಂದು ಮಾವ ಬೆರಗಿನಿಂದ ನನ್ನ ಮುಖ ನೋಡಿದರು. ಕೊಡುತ್ತಾರೆ, ನಾವೇ ಕೊಟ್ಟು ಬಂದೆವಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ‘ನಮ್ಮ ಮಾಲೀಕರಿಗೆ ಇದು ಹೊಳೆದಿದ್ದರೆ ಕಂಪನಿ ಮುಳುಗುತ್ತಿರಲಿಲ್ಲ’ ಎಂದು ಹೇಳಿ, ಇನ್ನೊಂದು ಚಹಾ ತರಿಸಿಕೊಂಡರು.